ಹಾಲು ಯಾವದು?

ಕಳೆದ ಬೇಸಿಗೆಯ ಸೂಟಿಯಲ್ಲಿ ನಮ್ಮ ಮಗಳು ಬೆಂಗಳೂರಿನಿಂದ ಕುಪ್ಪೇಲೂರಿಗೆ ಬಂದಿದ್ದಳು. ಸಂಗಡ ಆರು ವರ್ಷದ ಮೊಮ್ಮಗನಿದ್ದನು. ಬಂದ ದಿವಸವೇ ನಮ್ಮ ಮನೆಯಾಕೆಯು ವಾಡಿಕೆಯಂತೆ ಎಮ್ಮೆಯ ಹಾಲನ್ನು ಕಾಸಿ, ಸಕ್ಕರೆ ಬೆರಸಿ, ದೊಡ್ಡ ಲೋಟದ ತುಂಬ ಹುಡುಗನ ಮುಂದಿಟ್ಟಳು. ಹುಡುಗನು ತಾಯಿಯ ಮೋರೆಯನ್ನು ನೋಡಿದನು. ಆಕೆಯು ಮೆಲ್ಲಗೆ ಲೋಟವನ್ನು ಬದಿಗೆ ಸರಿಸಿ, ಚೀಲದೊಳಗಿಂದ ರಟ್ಟಿನ ಪೊಟ್ಟಣವೊಂದನ್ನು ತೆಗೆದು, "ಅವ್ವಾ, ಇವಗ ಹಾಲು ಒಗ್ಗೂದಿಲ್ಲ. ಡಾಕ್ಟರು ಬ್ಯಾಡ ಅಂದಾರ. ಇದು ಬಾದಾಮಿ ಹಾಲು, ಇದನ್ನ ಕುಡೀತಾನ" ಎಂದಳು.

ಮನೆಯಾಕೆಯು ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಅಡಿಗೆಯ ಮನೆಗೆ ಕರೆದು, "ಬಾದಾಮಿನ್ನ ಯಾವ ಕೊಟ್ಟಿಗ್ಯಾಗ ಕಟ್ಟತಾರಂತ ಕೇಳ್ರಿ ನಿಮ್ಮ ಮಗಳನ್ನ. ನನ್ನ ಮನೀ ಹಾಲು ನನ್ನ ಮೊಮ್ಮಗಗ ಬ್ಯಾಡಾತು ನೋಡ್ರಿ" ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು.

ವಾಚಕ ಮಹಾಶಯರೆ, 34 ವರ್ಷ ಮಕ್ಕಳಿಗೆ ಶಬ್ದಾರ್ಥವನ್ನು ಹೇಳಿಕೊಟ್ಟು ನಿವೃತ್ತನಾದ ನನಗೆ ಆ ಹೊತ್ತಿನಲ್ಲಿ ಉತ್ತರವು ಹೊಳೆಯಲಿಲ್ಲ. ಹಾಲೆಂದರೆ ಯಾವದು? ಕರೆದದ್ದು ಮಾತ್ರ ಹಾಲೋ, ಅರೆದು ಸೋಸಿದ್ದೂ ಹಾಲೋ? ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಆದರೆ ಇದರ ಸಲುವಾಗಿ ಈ ದಿವಸಗಳಲ್ಲಿ ದೊಡ್ಡ ದೊಡ್ಡ ನ್ಯಾಯಾಲಯಗಳಲ್ಲಿ ವಾದಗಳು ನಡೆದಿರುವವು. ಮನೆಮನೆಯಲ್ಲಿ ಮನಸ್ಸುಗಳೂ ನೊಂದಿರುವವು. ಆದುದರಿಂದ ಈ ತಿಂಗಳ ಮಾತನ್ನು ಇದಕ್ಕೇ ಮೀಸಲಿಡುವೆನು.

ಮೊದಲು ಶಬ್ದವನ್ನೇ ವಿಚಾರಿಸೋಣ. ಅಮರಸಿಂಹನು ದುಗ್ಧ, ಕ್ಷೀರ, ಪಯಸ್ ಎಂಬ ಮೂರು ಶಬ್ದಗಳನ್ನು ಸಮಾನಾರ್ಥಕಗಳೆಂದು ಒಟ್ಟಿಗೆ ಇಟ್ಟಿರುವನು. ಆದರೆ ಮೂರರ ವ್ಯಾಪ್ತಿಯು ಒಂದೇ ಅಲ್ಲ. ದುಗ್ಧವು 'ದುಹ್' ಎಂಬ ಧಾತುವಿನಿಂದ ಹುಟ್ಟಿದುದು. ಕರೆದದ್ದು ಎಂದು ಅದರ ಅರ್ಥ. ಬಾದಾಮಿಯನ್ನಾಗಲಿ ತೆಂಗಿನಕಾಯಿಯನ್ನಾಗಲಿ ಯಾರೂ ಕರೆಯಲಾರರು. ಈ ನ್ಯಾಯದಿಂದ ಮನೆಯಾಕೆಯ ಪಕ್ಷವೇ ಗೆದ್ದಿತು. ಆದರೆ ಪಯಸ್ ಎಂಬುದು ಹಾಲಿಗೂ ನೀರಿಗೂ ಸಲ್ಲುವ ಶಬ್ದ. ಕ್ಷೀರವಂತೂ ಗಿಡಮರಗಳ ಬಿಳಿಯ ಸೊನೆಗೂ ಸಲ್ಲುವದು. ಆಲ, ಅತ್ತಿ, ಅರಳಿ, ಬಸರಿಗಳನ್ನು ವೈದ್ಯರು ಕ್ಷೀರವೃಕ್ಷಗಳೆಂದೇ ಕರೆಯುವರು. ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿ ಆಡು, ಕುರಿ, ಆಕಳು, ಎಮ್ಮೆ, ಒಂಟೆ, ಆನೆ, ಕುದುರೆ, ಸ್ತ್ರೀ ಹೀಗೆ ಎಂಟು ಬಗೆಯ ಹಾಲುಗಳನ್ನು ಎಣಿಸಿ, ಅದರ ಬೆನ್ನಿಗೇ ಕಳ್ಳಿ, ಎಕ್ಕಿ ಮೊದಲಾದ ಮೂರು ಗಿಡಗಳ ಹಾಲನ್ನೂ ಹೇಳಿದೆ. ಆದರೆ ಇವನ್ನು ಕುಡಿಯುವದಕ್ಕಾಗಿ ಹೇಳಿಲ್ಲ. ವಾಂತಿ ವಿರೇಚನಗಳಿಗೆ ಔಷಧವೆಂದು ಹೇಳಿದೆ. ಹೆಸರು ಒಂದೇ ಆದ ಮಾತ್ರಕ್ಕೆ ಗುಣವು ಒಂದಾಗದೆಂಬುದನ್ನು ಹಿರಿಯರು ಅಂದೇ ಬಲ್ಲವರಾಗಿದ್ದರು.

ನಮ್ಮ ಕನ್ನಡವೂ ಹೀಗೆಯೇ ಉದಾರವಾದುದು. ಕಳ್ಳಿಯಿಂದ ಒಸರುವದೂ ಹಾಲು, ಕಾಯಿ ತುರಿದು ಹಿಂಡಿದ್ದೂ ಹಾಲು. ಜೋಳದ ತೆನೆಯ ಎಳೆಯ ಕಾಳಿನಲ್ಲಿಯೂ ಹಾಲು ತುಂಬುವದು. ಅದೇ ಹೊತ್ತಿಗೆ ದನಕರುಗಳ ಹಾಲಿಗೆ ನಾವು ಕೊಟ್ಟ ಮನ್ನಣೆಯು ಬೇರೊಂದಕ್ಕಿಲ್ಲ. ನಮ್ಮ ಸೀಮೆಯ ಕುರುಬ ಸಮಾಜದವರು ತಮ್ಮ ಪರಂಪರೆಯನ್ನೇ ಹಾಲುಮತವೆನ್ನುವರು. ಪಂಚಮಿಯಲ್ಲಿ ನಾಗಪ್ಪನಿಗೆ ಎರೆಯುವದೂ, ಹೊಸ ಮನೆ ಹೊಕ್ಕಾಗ ಒಲೆಯ ಮೇಲೆ ಉಕ್ಕಿಸುವದೂ ಹಾಲನ್ನೇ. ಆದುದರಿಂದ ಅತಿಥಿಯು ಹಾಲಿನ ಲೋಟವನ್ನು ಸರಿಸಿದರೆ ಮನೆಯ ಹೆಂಗಸಿಗೆ ತನ್ನನ್ನೇ ಸರಿಸಿದಂತೆ ಆಗುವದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಮಹಾಭಾರತದ ಇಬ್ಬರು ಮಕ್ಕಳ ನೆನಪಾಗುವದು. ಒಬ್ಬನು ದ್ರೋಣನ ಮಗನಾದ ಅಶ್ವತ್ಥಾಮ. ಉಳ್ಳವರ ಮಕ್ಕಳು ಹಾಲು ಕುಡಿಯುವದನ್ನು ಕಂಡು ಈ ಬಡ ಬ್ರಾಹ್ಮಣನ ಕೂಸು ತನಗೂ ಬೇಕೆಂದು ಅತ್ತಿತು. ದ್ರೋಣನು ಒಂದು ಆಕಳಿಗಾಗಿ ಊರೂರು ತಿರುಗಿದನು, ಸಿಗಲಿಲ್ಲ. ಅಷ್ಟರಲ್ಲಿ ಜೊತೆಯ ಹುಡುಗರು ಹಿಟ್ಟು ಕದಡಿದ ನೀರನ್ನು ಹಾಲೆಂದು ಕೊಟ್ಟರು. ಕೂಸು ಅದನ್ನು ಕುಡಿದು, ತಾನೂ ಹಾಲು ಕುಡಿದೆನೆಂದು ಕುಣಿಯಿತು. ಹುಡುಗರು ನಕ್ಕರು. ಆ ನಗೆಯನ್ನು ತಂದೆಯು ಸಹಿಸಲಾರದೆ ಹಳೆಯ ಗೆಳೆಯನಾದ ದ್ರುಪದನ ಬಳಿಗೆ ಹೋಗಿ ಅವಮಾನವನ್ನುಂಡನು. ಮುಂದಿನ ವೈರವೆಲ್ಲ ವಾಚಕರಿಗೆ ತಿಳಿದುದೇ. ಎರಡನೆಯವನು ಶಿವಭಕ್ತನಾದ ಉಪಮನ್ಯು. ಇವನ ತಾಯಿಯೂ ಬಡತನದಿಂದ ಹಿಟ್ಟು ಕದಡಿದ ನೀರನ್ನೇ ಹಾಲೆಂದು ಕೊಟ್ಟಳು. ಆದರೆ ಇವನು ಮೊದಲೊಮ್ಮೆ ನೆಂಟರ ಮನೆಯಲ್ಲಿ ಆಕಳ ಹಾಲಿನ ರುಚಿಯನ್ನು ಕಂಡವನು. ಇದು ಹಾಲಲ್ಲವೆಂದು ಹಠ ಹಿಡಿದು, ತಪಸ್ಸು ಮಾಡಿ, ಶಿವನಿಂದ ಕ್ಷೀರಸಾಗರವನ್ನೇ ಪಡೆದನು.

ಈ ಕಥೆಗಳಲ್ಲಿ ಹಿಟ್ಟಿನ ನೀರಿನ ಅಪರಾಧವೇನೂ ಇಲ್ಲ. ಹಿಟ್ಟಿನ ನೀರೆಂದು ಹೇಳಿ ಕೊಟ್ಟಿದ್ದರೆ ಅದೊಂದು ಅಂಬಲಿಯಾಗುತ್ತಿದ್ದಿತು. ಇಲ್ಲದವನಿಗೆ ಇದ್ದವರ ಪದಾರ್ಥದ ಹೆಸರನ್ನು ಹೇಳಿ ಮೋಸಗೊಳಿಸಿದ್ದೇ ಅಪರಾಧವಾಯಿತು.

ಮೋಸವಿಲ್ಲದೆ ಕಾಳಿನ ಹಾಲನ್ನು ಕುಡಿದ ಜನರು ಲೋಕದಲ್ಲಿ ಬೇಕಾದಷ್ಟಿರುವರು. ದೂರ ಹೋಗುವದೇಕೆ? ನಮ್ಮ ಉತ್ತರ ಕರ್ನಾಟಕದ ಕುಸುಬಿ ಹಾಲನ್ನೇ ನೋಡಿರಿ. ಹಿಂಗಾರಿ ಜೋಳದ ಹೊಲದಲ್ಲಿ, ಅದರಲ್ಲಿಯೂ ಅಂಚುಗಟ್ಟಿ, ಕುಸುಬಿಯನ್ನು ಬಿತ್ತುತ್ತಿದ್ದರು. ಅದರ ಎಲೆಯ ಮುಳ್ಳಿಗೆ ಅಂಜಿ ದನಗಳು ಹೊಲವನ್ನು ಹೊಗುತ್ತಿರಲಿಲ್ಲ. ಎಣ್ಣೆಗೆ ಕೊಟ್ಟು ಉಳಿದ ಬೀಜವನ್ನು ಹೆಂಗಸರು ನೆನೆಹಾಕಿ, ಒರಳಿನಲ್ಲಿ ರುಬ್ಬಿ, ಅರಿವೆಯಲ್ಲಿ ಹಿಂಡಿ ಹಾಲು ತೆಗೆಯುತ್ತಿದ್ದರು. ಆ ಹಾಲಿನಲ್ಲಿ ಗೋದಿಯನ್ನು ಬೇಯಿಸಿ ಬೆಲ್ಲ ಹಾಕಿದರೆ ಕುಸುಬಿ ಹಾಲಿನ ಹುಗ್ಗಿಯಾಯಿತು. ದನವನ್ನು ದೂರವಿಡುವ ಗಿಡವೇ ಹಾಲನ್ನೂ ಕೊಟ್ಟಿತೆಂಬುದು ವಿನೋದದ ಸಂಗತಿ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನು ನೆನೆಸಿ ಅರೆದು ಹಾಲು ತೆಗೆದು ಹಾಲುಬಾಯಿ ಮಾಡುವರು. ಕರಾವಳಿಯಲ್ಲಂತೂ ಕಾಯಿಹಾಲಿಲ್ಲದೆ ಪಾಯಸವೇ ಇಲ್ಲ. ಇವರಲ್ಲಿ ಯಾರೂ ಇದು ಆಕಳ ಹಾಲಿನ ಬದಲಿಯೆಂದು ಬಗೆಯಲಿಲ್ಲ. ಆಕಳ ಹಾಲಿನ ಜಾಗ ಆಕಳ ಹಾಲಿಗೆ, ಕಾಯಿಹಾಲಿನ ಜಾಗ ಕಾಯಿಹಾಲಿಗೆ.

ಚೀನ ದೇಶದ ಬೆಳಗಿನ ಉಪಾಹಾರವು ಸೋಯಾ ಅವರೆಯ ಬಿಸಿ ಹಾಲು ಮತ್ತು ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ತಿಂಡಿ. ಅದನ್ನು ಅವರು 'ದೌಜ್ಯಾಂಗ್' ಎನ್ನುವರು. ಅವರೆಯ ಗಟ್ಟಿ ರಸವೆಂದು ಅದರ ಅರ್ಥ, ಹಾಲೆಂದಲ್ಲ. ಹಾಂಗ್‌ಕಾಂಗಿನಲ್ಲಿ 1940ರಲ್ಲಿ ಲೋ ಕ್ವೀ ಸಿಯೊಂಗ್ ಎಂಬವರು ಯುದ್ಧದಿಂದ ಓಡಿ ಬಂದ ನಿರಾಶ್ರಿತರ ದುರ್ಬಲ ದೇಹಗಳನ್ನು ಕಂಡು, ಹಾಲಿಗಿಂತ ಅಗ್ಗವಾಗಿ ಸಿಗಲೆಂದು ಸೋಯಾ ಹಾಲನ್ನು ಶೀಶೆಗಳಲ್ಲಿ ತುಂಬಿ ಮಾರತೊಡಗಿದರು. ವಿಟಾಸಾಯ್ ಎಂಬ ಆ ಪಾನೀಯವು ಇಂದಿಗೂ ಇದೆ. ಯುರೋಪ ಖಂಡದಲ್ಲಿ ನಡುಗಾಲದ ಕ್ರಿಸ್ತೀಯರು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಾಂಸದ ಸಂಗಡ ಹಾಲು ಬೆಣ್ಣೆಗಳನ್ನೂ ಬಿಡುತ್ತಿದ್ದರು. ಆಗ ಶ್ರೀಮಂತರ ಅಡಿಗೆಯವರು ಬಾದಾಮಿಯನ್ನು ಅರೆದು ಹಾಲು ಮಾಡುತ್ತಿದ್ದರು. ಸ್ಪೇನಿನ ವಲೆನ್ಸಿಯ ಪ್ರಾಂತದವರು ಜೇಕಿನ ಜಾತಿಯ ಒಂದು ಹುಲ್ಲಿನ ಗೆಡ್ಡೆಯಿಂದ ಮಾಡಿದ 'ಓರ್ಚಾತ' ಎಂಬ ತಂಪು ಹಾಲನ್ನು ಬೇಸಿಗೆಯಲ್ಲಿ ಕುಡಿಯುವರು. ಚೀನದವನಿಗೆ ದಿನದ ಅನ್ನ, ಯುರೋಪದವನಿಗೆ ವ್ರತದ ಆಹಾರ, ವಲೆನ್ಸಿಯದವನಿಗೆ ಬಿಸಿಲಿನ ಪಾನಕ. ಬೆಂಗಳೂರಿನ ನಮ್ಮ ಮಗಳಿಗೆ ಅದೇ ಪದಾರ್ಥವು ಔಷಧದಂತೆ.

ಮಗಳ ಪಕ್ಷಕ್ಕೂ ಶಾಸ್ತ್ರದ ಬೆಂಬಲವಿದೆಯೆಂಬುದನ್ನು ಇಲ್ಲಿ ಹೇಳಬೇಕು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿರುವದು. ಅದನ್ನು ಒಡೆಯುವ ಪಾಚಕರಸವು ಮೊಲೆಯುಣ್ಣುವ ಕೂಸುಗಳಿಗೆಲ್ಲ ಇರುತ್ತದೆ. ಮೊಲೆ ಬಿಟ್ಟ ಮೇಲೆ ಬಹುಮಂದಿಯಲ್ಲಿ ಕ್ರಮೇಣ ಕಡಿಮೆಯಾಗುವದು. ಲೋಕದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿಯು ಇದೇ. ಉತ್ತರ ಯುರೋಪದವರಲ್ಲಿ ಈ ರಸವು ಮುಪ್ಪಿನ ತನಕ ಉಳಿಯುವದು ಹೆಚ್ಚು. ಪೂರ್ವ ಏಷ್ಯದವರಲ್ಲಿ ತೀರ ಕಡಿಮೆ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಕಡಿಮೆ. ರಸವು ಸಾಲದಿದ್ದರೆ ಹೊಟ್ಟೆಯುಬ್ಬರ, ನುಲಿತ, ಭೇದಿಗಳಾಗುವವು. ಇದು ರೋಗವೆನ್ನುವದಕ್ಕಿಂತ ದೇಹದ ಒಂದು ಪ್ರಕೃತಿಯೆನ್ನುವದು ಸರಿ. ಹಾಲನ್ನು ಹೆಪ್ಪು ಹಾಕಿ ಮೊಸರು ಮಾಡಿದಾಗ ಆ ಸಕ್ಕರೆಯ ಒಂದಿಷ್ಟು ಭಾಗವು ಹುಳಿಯಾಗಿ ಮಾರ್ಪಡುವದು. ಆದುದರಿಂದ ಹಾಲು ಒಗ್ಗದ ಅನೇಕರಿಗೆ ಮೊಸರು ಮಜ್ಜಿಗೆಗಳು ಒಗ್ಗುವವು. ಆದರೆ ಹಾಲಿನ ಸಸಾರಜನಕವೇ ಆಗದ ಮಕ್ಕಳೂ ಕೆಲವರಿರುವರು. ಅವರಿಗೆ ಮಜ್ಜಿಗೆಯೂ ಅಪಾಯ. ಯಾವದೆಂಬುದನ್ನು ವೈದ್ಯರೇ ನಿಶ್ಚಯಿಸಬೇಕು.

ಇದನ್ನು ಓದಿ ತಿಳಿದುಕೊಂಡ ದಿನ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಮುಚ್ಚಿಡದೆ ಹೇಳುವೆನು. 2013ರ ಆಗಸ್ಟ 1ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಕ್ಷೀರಭಾಗ್ಯ ಯೋಜನೆಯು ಪ್ರಾರಂಭವಾಯಿತು. ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರು ಬಿಸಿ ಹಾಲು ಪ್ರತಿಯೊಬ್ಬ ಹುಡುಗನಿಗೆ, ಹುಡುಗಿಗೆ. ಬೆಳಗಿನಲ್ಲಿ ಏನೂ ಉಣ್ಣದೆ ಬರುವ ಎಷ್ಟೋ ಮಕ್ಕಳ ಮೋರೆಗಳು ಅದರಿಂದ ಅರಳಿದುದನ್ನು ನಾನು ಕಣ್ಣಾರೆ ಕಂಡಿರುವೆನು. ಆದರೆ ನನ್ನ ವರ್ಗದಲ್ಲಿ ಒಬ್ಬ ಹುಡುಗಿಯು ದಿನಾಲು ಲೋಟವನ್ನು ಹಿಡಿದುಕೊಂಡು ಗೋಡೆಯ ಹಿಂದೆ ಹೋಗಿ ಚೆಲ್ಲಿ ಬರುತ್ತಿದ್ದಳು. ಒಂದು ದಿವಸ ನಾನು ಹಿಡಿದೆನು. ಅನ್ನದೇವರಿಗೆ ಅಪಚಾರವೆಂದು ಎಲ್ಲರೆದುರಿಗೆ ಬೈದು, ನನ್ನ ಮುಂದೆಯೇ ನಿಲ್ಲಿಸಿ ಕುಡಿಸಿದೆನು. ಹಾಗೆ ಎಷ್ಟೋ ದಿವಸ ಕುಡಿಸಿದೆನು. ಆಕೆಯು ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂಡುತ್ತಿದ್ದಳು. ಅದನ್ನು ನಾನು ಸೋಗೆಂದು ಬಗೆದೆನು. ಒಂದು ಚಿಕ್ಕ ಲೋಟ ಹಾಲು ಬಹುಮಂದಿಗೆ ಬಾಧಿಸದು, ಕೆಲವರಿಗೆ ಬಾಧಿಸುವದು. ಆಕೆಯ ನೋವಿಗೆ ಅದೇ ಕಾರಣವಾಗಿದ್ದಿತೆಂದು ಈಗ ಹೇಳಲಾರೆನು. ಆದರೆ ಯಾಕೆ ಚೆಲ್ಲುತ್ತೀಯವ್ವಾ ಎಂದು ನಾನು ಒಂದು ಸಾರೆಯಾದರೂ ಕೇಳಲಿಲ್ಲ. ಯೋಜನೆಯ ದೋಷವು ಇದರಲ್ಲಿಲ್ಲ, ದೋಷವು ನನ್ನದು. ಹಾಲು ಎಲ್ಲರಿಗೂ ಅಮೃತವೆಂಬ ನಂಬಿಗೆಯಲ್ಲಿ ಎದುರಿಗಿದ್ದ ಮಗುವನ್ನು ನಾನು ನೋಡದೆ ಹೋದೆನು.

ಹಾಲನ್ನು ಬಿಟ್ಟು ಹಾಲಿಗಾಗಿ ಹಂಬಲಿಸಿದ ಮಹಾಪುರುಷರೊಬ್ಬರ ಸಂಗತಿಯು ಪ್ರಸಿದ್ಧವೇ ಆಗಿದೆ. ಗಾಂಧೀಜಿಯವರು 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲನ್ನು ತ್ಯಜಿಸಿದರು. ಹೆಚ್ಚು ಹಾಲಿಗಾಗಿ ದನಗಳನ್ನು ಹಿಂಸಿಸುವ ಕ್ರೂರ ಪದ್ಧತಿಯನ್ನು ಕೇಳಿ ಅವರ ಮನಸ್ಸು ಹೇಸಿದ್ದಿತು. ಮುಂದೆ ಭಾರತದಲ್ಲಿ ಕಠಿಣ ಕಾಯಿಲೆ ಬಿದ್ದಾಗ, ವ್ರತವು ಆಕಳು ಎಮ್ಮೆಗಳ ಹಾಲಿಗೆ ಮಾತ್ರ ಸಂಬಂಧಿಸಿದ್ದೆಂದು ಕಸ್ತೂರಬಾ ಅವರು ವಾದಿಸಲು, ಆಡಿನ ಹಾಲಿಗೆ ಒಪ್ಪಿದರು. ಹಾಲಿನ ಸ್ಥಾನದಲ್ಲಿ ನಿಲ್ಲುವ ಸಸ್ಯಾಹಾರವು ತಮಗೆ ದೊರೆಯಲಿಲ್ಲವೆಂಬ ಕೊರಗು ಅವರಿಗೆ ಉಳಿಯಿತು. ಇಂಥವರು 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆ ಇದ್ದಾಗ ಅಲ್ಲಿಯ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ದನಗಳ ಪಾಲನೆಯ ಪಾಠವನ್ನು ಕಲಿತರು. ತಾವು ಕುಡಿಯದ ಹಾಲಿನ ಸಲುವಾಗಿಯೂ ಕಲಿಯುವ ಮನಸ್ಸು ಅವರದು.

ಅವರು ಹುಡುಕಿದ್ದನ್ನು ಮುಂದೆ ಕನ್ನಡನಾಡಿನಲ್ಲಿಯೇ ವಿಜ್ಞಾನಿಗಳು ಹುಡುಕಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1940ರ ದಶಕದಲ್ಲಿ ವಿ. ಸುಬ್ರಹ್ಮಣ್ಯನ್ ಅವರೂ ಅವರ ಸಂಗಡಿಗರೂ ಸೋಯಾ ಹಾಲಿನ ಪುಷ್ಟಿಗುಣವನ್ನು ಪರೀಕ್ಷಿಸಿದರು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯಕ್ಕೆ ಅವರೇ ಮೊದಲನೆಯ ನಿರ್ದೇಶಕರಾದರು. ಆ ಸಂಸ್ಥೆಯವರು ಶೇಂಗಾದಿಂದ ಸಸಾರಜನಕವನ್ನು ಬೇರ್ಪಡಿಸಿ, ಎಮ್ಮೆಯ ಹಾಲಿನೊಡನೆ ಬೆರಸಿ, ಜೀವಸತ್ವಗಳನ್ನು ಕೂಡಿಸಿ, ಮಿಲ್ಟೋನ್ ಎಂಬ ಪೇಯವನ್ನು ಸಿದ್ಧಪಡಿಸಿದರು. 1970ರ ದಶಕದಲ್ಲಿ ಅದು ಬೆಂಗಳೂರಿನಲ್ಲಿ ಮಕ್ಕಳಿಗೆ ಹಂಚಲ್ಪಟ್ಟಿತು. ದೇಶದಲ್ಲಿ ಹಾಲಿನ ಕೊರತೆಯಿದ್ದ ಕಾಲವದು. ಅನಂತರ ಹಾಲಿನ ಸಹಕಾರ ಸಂಘಗಳು ಹಳ್ಳಿಹಳ್ಳಿಗೂ ಹಬ್ಬಿದವು. ಇಂದು ಲೋಕದಲ್ಲಿ ಎಲ್ಲಕ್ಕೂ ಹೆಚ್ಚು ಹಾಲನ್ನು ಉತ್ಪಾದಿಸುವ ದೇಶವು ನಮ್ಮದು. ಅಂದು ಬಡ ಮಗುವಿನ ಸಲುವಾಗಿ ಹುಟ್ಟಿದ ಕಾಳಿನ ಹಾಲು ಇಂದು ಪಟ್ಟಣದ ಅಂಗಡಿಯಲ್ಲಿ ಡೇರಿಯ ಹಾಲಿಗಿಂತ ಹಲವು ಪಟ್ಟು ಬೆಲೆಗೆ ಮಾರುವದು. ಉಳ್ಳವರದು ಹಾಲು, ಇಲ್ಲದವರದು ಹಿಟ್ಟಿನ ನೀರು ಎಂದಿದ್ದ ದ್ರೋಣನ ಕಾಲವು ತಿರುಗಿಬಿಟ್ಟಿದೆ.

ಇನ್ನು ಹೆಸರಿನ ವ್ಯಾಜ್ಯ. ಸಸ್ಯದಿಂದ ಮಾಡಿದ ಪಾನೀಯಕ್ಕೆ ಹಾಲೆಂಬ ಹೆಸರಿಟ್ಟು ಮಾರಕೂಡದೆಂದು ಯುರೋಪದ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. ಆದರೆ ತೆಂಗಿನ ಹಾಲಿನಂಥ ರೂಢಿಯ ಹೆಸರುಗಳನ್ನು ಅಲ್ಲಿ ಬಿಟ್ಟುಕೊಟ್ಟಿರುವರು. ನಮ್ಮ ದೇಶದ ಆಹಾರ ಸುರಕ್ಷಾ ಪ್ರಾಧಿಕಾರವೂ 2021ರಲ್ಲಿ ಇಂಥದೇ ಕಟ್ಟಪ್ಪಣೆಯನ್ನು ಹೊರಡಿಸಿತು. ಅಮೇರಿಕೆಯವರು ಮಾತ್ರ 2023ರಲ್ಲಿ ಪ್ರಕಟಿಸಿದ ಕರಡಿನಲ್ಲಿ, ಕೊಳ್ಳುವವರಿಗೆ ಭ್ರಾಂತಿಯಿಲ್ಲ, ಹೆಸರಿರಲಿ, ಆದರೆ ಪುಷ್ಟಿಯಲ್ಲಿಯ ಭೇದವನ್ನು ಪೊಟ್ಟಣದ ಮೇಲೆ ಬರೆಯುವದು ಒಳ್ಳೇದು ಎಂದರು. ನನಗೆ ಈ ಕೊನೆಯ ಮಾತಿನಲ್ಲಿ ತಿರುಳು ಕಾಣುವದು. ಭೇದವು ಸಣ್ಣದಲ್ಲ. ಆಕಳ ಹಾಲಿನ 100 ಮಿಲಿಲೀಟರಿನಲ್ಲಿ ಸಸಾರಜನಕವು 3 ಗ್ರಾಮಿಗೆ ಮೇಲ್ಪಟ್ಟಿರುವದು. ಸೋಯಾ ಹಾಲು ಅದರ ಸಮೀಪಕ್ಕೆ ಬರುವದು. ಬಾದಾಮಿಯದರಲ್ಲಿ ಅರ್ಧ ಗ್ರಾಮಿನ ಆಸುಪಾಸು ಮಾತ್ರ. ಏಕೆಂದರೆ ಪೊಟ್ಟಣದಲ್ಲಿ ಹೆಚ್ಚಿನ ಪಾಲು ನೀರೇ. ಸುಣ್ಣದ ಸತ್ವವನ್ನು ಮೇಲಿಂದ ಕೂಡಿಸಿದ್ದರೆ ಮಾತ್ರ ಇರುವದು. ಒಂದು ವರ್ಷದೊಳಗಿನ ಕೂಸಿಗೆ ಇವು ಯಾವವೂ ತಾಯಿಯ ಹಾಲಿನ ಬದಲಿಗೆ ಸಲ್ಲವು. ಶೇಂಗಾ, ಸೋಯಾ, ಬಾದಾಮಿಗಳೇ ಮೈಗೆ ಆಗದ ಮಕ್ಕಳೂ ಇರುವರೆಂಬುದನ್ನು ಮರೆಯಬಾರದು.

ಹಾಲಿನವರ ಅಂಜಿಕೆಯೂ ಸುಳ್ಳಲ್ಲ. ನಮ್ಮ ಊರ ಕಡೆಗೆ ಗೋವಿನಜೋಳದ ಧಾರಣೆಯು ಏರುವದು ಇಳಿಯುವದು. ಮಳೆ ಬರುವದು ಬಾರದಿರುವದು. ಆದರೆ ಎರಡು ಎಮ್ಮೆ ಕಟ್ಟಿದ ಹೆಂಗಸಿಗೆ ಡೇರಿಯ ಹಣವು ತಪ್ಪದೆ ಬರುವದು. ಮಕ್ಕಳ ಪಾಟಿ ಪುಸ್ತಕ, ಅತ್ತೆಯ ಔಷಧ, ಎಲ್ಲವೂ ಅದರಿಂದಲೇ. ನಾಳೆ ಪಟ್ಟಣದವರೆಲ್ಲ ಹಾಲು ಬಿಟ್ಟರೆಂದರೆ ಈಕೆಯ ಗತಿಯೇನು? ಹಾಲು ಬಿಡುವವರನ್ನು ನಿಂದಿಸುವದು ಇದಕ್ಕೆ ಉಪಾಯವಲ್ಲ. ಕುಸುಬಿ, ಶೇಂಗಾ, ರಾಗಿಗಳೂ ರೈತನ ಹೊಲದ ಬೆಳೆಗಳೇ. ಕಾಳಿನ ಹಾಲು ಬೇಕಾದವರು ದೂರದೇಶದ ಬಾದಾಮಿಗೆ ಕೊಡುವ ಹಣದಲ್ಲಿ ಒಂದು ಪಾಲು ಅಣ್ಣಿಗೇರಿಯ ಕಡೆಯ ಎರೆಹೊಲದ ಕುಸುಬಿಗೆ ಬಂದರೆ ಒಂದೇ ಮನೆಗೆ ಎರಡು ಹಾಲಿನ ಆದಾಯವಾಗಬಹುದು.

ನಮ್ಮ ಮನೆಯ ಸಂಗತಿಯು ಏನಾಯಿತೆಂದು ವಾಚಕರು ಕೇಳಬಹುದು. ಮಗಳನ್ನು ವಿಚಾರಿಸಲು, ಹುಡುಗನಿಗೆ ಒಗ್ಗದುದು ಹಾಲಿನ ಸಕ್ಕರೆ ಮಾತ್ರವೆಂದೂ, ಮಜ್ಜಿಗೆಯನ್ನು ಕೊಡಬಹುದೆಂದು ಡಾಕ್ಟರರು ಹೇಳಿರುವರೆಂದೂ ತಿಳಿಯಿತು. ಇಷ್ಟು ಕೇಳಿದ್ದೇ ತಡ, ಮನೆಯಾಕೆಯು ಮರುದಿನ ನಸುಕಿನಲ್ಲಿಯೇ ಮಜ್ಜಿಗೆ ಕಡೆಯಲಿಕ್ಕೆ ಕುಳಿತಳು. ನಾಲ್ಕು ದಿವಸಗಳ ಮೇಲೆ ಎಲ್ಲಿಂದಲೋ ಒಂದು ಸೇರು ಕುಸುಬಿಯನ್ನು ತರಿಸಿ, ರಾತ್ರಿ ನೆನೆಹಾಕಿ, ತನ್ನ ತಾಯಿಯು ಮಾಡುತ್ತಿದ್ದಂತೆ ಹುಗ್ಗಿ ಮಾಡಿದಳು. ಮೊಮ್ಮಗನು ಎರಡು ಸಾರೆ ನೀಡಿಸಿಕೊಂಡು ಉಂಡು, "ಆಯೀ, ಇದು ಯಾವ ಹಾಲು?" ಎಂದು ಕೇಳಿದನು. ಆಕೆಯು ನನ್ನ ಮೋರೆಯನ್ನು ನೋಡಿ, "ಇದು ಕುಸುಬಿ ಹಾಲಪ್ಪಾ. ಎಮ್ಮೀದಲ್ಲ" ಎಂದಳು.

ಅಷ್ಟು ಹೇಳಿದರೆ ಸಾಕೆಂದು ನನ್ನ ಅಭಿಪ್ರಾಯ. ಯಾವದರ ಹಾಲೆಂದು ನಿಜವನ್ನು ಹೇಳಿ ಕೊಡಬೇಕು. ಒಗ್ಗುವದೋ ಇಲ್ಲವೋ ಎಂದು ಕೊಡುವದಕ್ಕೆ ಮೊದಲು ಕೇಳಬೇಕು. ಆ ಹುಡುಗಿಯನ್ನು ಕೇಳದೆ ಹೋದೆನಲ್ಲ ಎಂಬ ನೋವು ನನಗಿದೆ. ಈಗ ಆಕೆಯು ದೊಡ್ಡವಳಾಗಿರಬೇಕು. ಎಲ್ಲಿಯೋ ತನ್ನ ಮನೆಯಲ್ಲಿ ಈ ಪತ್ರಿಕೆಯನ್ನು ಓದಿದರೆ, ಮುದಿ ಮಾಸ್ತರನ ತಪ್ಪನ್ನು ಕ್ಷಮಿಸಲಿ.